ಸ್ಪೀಕರಿನ ಬಾಸ್ ಮಾಯವಾಗಿದ್ದರೆ ಮೊದಲು ವೈರ್ ನೋಡಿ

ಬಾಗಲಕೋಟೆಯ ಹೊಸ ಮನೆಗೆ ಬಂದ ಮೇಲೆ ಮಿನಿ ಸ್ಟೀರಿಯೊದಲ್ಲಿ ಬಾಸ್, ಅಂದರೆ ಹಾಡಿನ ತಗ್ಗಿನ ಗಡಸು ದನಿ, ಹೋಯಿತು, ಹಾಡುವವರ ದನಿ ಟೊಳ್ಳಾಯಿತು ಅಂದಿರಲ್ಲ ಸರ್, ಸೆಟ್ ಕೆಟ್ಟಿರಲಿಕ್ಕಿಲ್ಲ. ಬಹುಶಃ ಒಂದು ಸ್ಪೀಕರಿನ ವೈರ್ ಉಲ್ಟಾ ಆಗಿದೆ. ಆಗ ಒಂದು ಸ್ಪೀಕರಿನ ಕೋನ್ (ದನಿಗೆ ಅದುರುವ ಪರದೆ) ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ. ಎರಡರ ಬಾಸೂ ಒಂದನ್ನೊಂದು ಕಳೆದುಹಾಕುತ್ತದೆ. ಸೆಟ್ ಆಫ್ ಮಾಡಿ ಒಂದು ಸ್ಪೀಕರಿನ ವೈರ್ ಬಿಚ್ಚಿ, ಆಮೇಲೆ ಹಾಡು ಹಚ್ಚಿ. ಎರಡಕ್ಕಿಂತ ಒಂದರಲ್ಲೇ ಬಾಸ್ ಜಾಸ್ತಿ ಅನಿಸಿದರೆ ಅದೇ ದೋಷ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ. ಬಣ್ಣ ಇಲ್ಲದ ವೈರಾದರೆ ಒಂದು ಎಳೆಯ ಮೇಲೆ ಗೆರೆ ಇರುತ್ತದೆ, ಎರಡೂ ಸ್ಪೀಕರಿಗೆ ಅದನ್ನು ಒಂದೇ ಕಡೆ ಕೊಡಿ. ತಾಮ್ರದ ತುದಿಗಳು ಒಂದಕ್ಕೊಂದು ತಾಗದಿರಲಿ, ಆಂಪ್ಲಿಫೈಯರ್ ಸುಟ್ಟೀತು.

ಸುಮ್ನೆ ಸಬ್‌ವೂಫರ್ (ಬಾಸಿಗೆಂದೇ ಇರುವ ಸ್ಪೀಕರ್) ತರಬೇಡಿ. ನಮ್ಮ ಕಡೆಯ ಫರಸಿ (ಕಲ್ಲು ಚಪ್ಪಡಿ) ನೆಲಕ್ಕೆ ದನಿ ಗಣಗಣ ಅನ್ನುತ್ತದೆ, ಸ್ಪೀಕರಿನ ಮುಂದೆ ಒಂದು ಜಮಖಾನೆ ಹಾಸಿ.