ಲೈನಿನಲ್ಲಿರಿ: ಒಂದು ಆಪ್ತಸಲಹೆ ಪ್ರಕರಣ

ತಾಯಿ-ಮಗ ಇಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

“ಅವ್ವಗ ಮರವು ಸುರು ಆಗೇದ್ರಿ. ಡಿಮೆನ್ಶಿಯಾ ಏನೋ ಅನಸ್ತದ.”

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮಗ ಹೇಳಿದ ಮಾತಿದು. ಪಕ್ಕದಲ್ಲಿ ಎಪ್ಪತ್ತೊಂದು ವರ್ಷದ ತಾಯಿ ಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಧಾರವಾಡದ ಕಡೆಯವರು. ಮಗ ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ, ತಂದೆ ತೀರಿಕೊಂಡು ನಾಲ್ಕು ವರ್ಷ. ಮೂರು ತಿಂಗಳಿಂದ ಅವ್ವ ಫೋನ್ ಎತ್ತುವುದಿಲ್ಲ, ಸಂಜೆ ಹೊರಗೆ ಹೋಗುವುದು ಬಿಟ್ಟಿದ್ದಾರೆ, ಮಾತೂ ಕಡಿಮೆಯಾಗಿದೆ. “ಯುಪಿಐ ಹೆಂಗ ಮಾಡೂದು ಅಂತ ನೂರು ಸಲ ಹೇಳಿಕೊಟ್ಟೀನ್ರಿ. ತಲೀಗೆ ಹೋಗೂದ ಇಲ್ಲ.”

ಅಡುಗೆ ಮಾಡುವಾಗ ಯಾವುದಾದರೂ ಹಂತ ಮರೆಯುತ್ತಾರೆಯೇ, ದಿನಾ ಹೋಗುವ ಹಾದಿ ತಪ್ಪಿದ್ದುಂಟೇ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ, ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟಿದ್ದುಂಟೇ ಎಂದು ವಿಚಾರಿಸಿದೆ. ಒಂದೂ ಇಲ್ಲ. ಹಾಲಿನ ಲೆಕ್ಕ, ಮನೆಗೆಲಸದವಳ ರಜೆಯ ಲೆಕ್ಕ ಎಲ್ಲವೂ ಅವರ ಬಾಯಲ್ಲೇ ಇದೆ. ಗೊತ್ತಿದ್ದದ್ದು ಕೈತಪ್ಪುವುದು ಬೇರೆ, ಹೊಸದು ಕೈಹತ್ತದಿರುವುದು ಬೇರೆ. ಈ ವ್ಯತ್ಯಾಸ ಮಾಡದೆ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಮರೆವಿನ ಪಟ್ಟ ಕಟ್ಟಿಬಿಡುತ್ತಾರೆ. ಹಾಗಂತ ಮಗನ ಅನುಮಾನವನ್ನು ನಾನು ತಳ್ಳಿಹಾಕಲಿಲ್ಲ. ಬಿ-12 ಕೊರತೆ, ಥೈರಾಯ್ಡ್, ಖಿನ್ನತೆ ಇವೆಲ್ಲವೂ ಮರೆವಿನಂತೆಯೇ ಕಾಣಬಹುದು. ವೈದ್ಯರ ಬಳಿ ತಪಾಸಣೆ ಮಾಡಿಸಿ, ಅಗತ್ಯ ಬಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಎರಡನೆಯ ಭೇಟಿಗೆ ತಾಯಿ ಒಬ್ಬರೇ ಒಳಗೆ ಬರಲಿ ಎಂದೆ.

ಒಬ್ಬರೇ ಬಂದಾಗ ಆರೋಗ್ಯದ ಮಾತು ಎತ್ತಲಿಲ್ಲ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ.

“ಟೆಲಿಫೋನ್ ಆಪರೇಟರ್ ಇದ್ದೆರಿ.”

ಆ ಒಂದು ಮಾತಿನ ನಂತರ ಬೆನ್ನು ನೆಟ್ಟಗಾಯಿತು. ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡ್ ಮುಂದೆ ಹೆಡ್‌ಸೆಟ್ ಹಾಕಿಕೊಂಡು ಕೂರುವುದು, ವೈರಿನ ತುದಿಯನ್ನು ಜ್ಯಾಕಿಗೆ ಚುಚ್ಚುವುದು, ಕರೆಯ ಅವಸರಕ್ಕೆ ತಕ್ಕಂತೆ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಟಿಕೆಟ್ ಬರೆಯುವುದು, ಮೂರು ನಿಮಿಷ ಮುಗಿದಾಗ ನಡುವೆ ಬಂದು ಮುಂದುವರಿಸಲೇ ಎಂದು ಕೇಳುವುದು, ಇಷ್ಟನ್ನೂ ಕೈಯಿಂದ ಗಾಳಿಯಲ್ಲೇ ಮಾಡಿ ತೋರಿಸಿದರು. 1986ರ ಜುಲೈನಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ತಾನೇ ಕರೆ ಜೋಡಿಸುವ, 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಶುರುವಾದಾಗ, ಇನ್ನು ನಮ್ಮ ಕೆಲಸ ಹೋಯಿತು ಎಂದು ಜೊತೆಯವರೆಲ್ಲ ಅಂಜಿದ್ದರಂತೆ. ಇವರಿಗೆ ಅಂಜಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಆಮೇಲೆ ಫೋನ್ ನಂಬರ್ ಕೇಳುವವರಿಗೆ ಉತ್ತರಿಸುವ 197ರ ವಿಚಾರಣೆ ಮೇಜಿಗೆ ಬಂದು ಕಂಪ್ಯೂಟರ್ ಕಲಿತರು. ಆಗ ನಲವತ್ತು ದಾಟಿತ್ತು.

“ಮಷೀನ ಅಂದ್ರ ನನಗ ಅಂಜಿಕಿ ಇಲ್ರಿ,” ಎಂದರು. “ಆಗ ಹದಿನೈದು ದಿನ ಟ್ರೇನಿಂಗ್ ಕೊಡ್ತಿದ್ರು. ತಪ್ಪಿದ್ರ ಸೂಪರ್‌ವೈಸರ್ ಹಿಂದ ಬಂದು ನಿಂತು ತೋರಸ್ತಿದ್ರು. ಜ್ಯಾಕ್ ಜಾಗಾ ಬದಲಾದ್ರ ಮೊದಲ ಆರ್ಡರ್ ಬರ್ತಿತ್ತು. ಈ ಫೋನಿನಾಗ ನಿನ್ನೆ ಇದ್ದದ್ದು ಇವತ್ತ ಆ ಜಾಗಾದಾಗ ಇರಂಗಿಲ್ಲ. ಯಾರು ಬದಲಿ ಮಾಡಿದ್ರು, ಯಾಕ ಮಾಡಿದ್ರು, ಯಾರೂ ಹೇಳಂಗಿಲ್ಲ.”

ಹಿರಿಯರು ತಂತ್ರಜ್ಞಾನದ ಮುಂದೆ ಯಾಕೆ ತಡವರಿಸುತ್ತಾರೆ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಮಾತು. ವಯಸ್ಸಾದಂತೆ ಹೊಸದನ್ನು ಹಿಡಿಯುವ ವೇಗ ಕಡಿಮೆಯಾಗುತ್ತದೆ, ಐದಾರು ಹಂತಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವಾಗುತ್ತದೆ, ಅದು ನಿಜ. ಆದರೆ ನಿಧಾನವಾಗಿ ಕಲಿಯುವವರಿಗೆ ಬೇಕಾದದ್ದು ಹೆಚ್ಚಿನ ಸಮಯ. ಮನೆಗಳಲ್ಲಿ ಅವರಿಗೆ ಸಿಗುವುದು ಅವಸರ.

ನಿಮ್ಮ ಫೋನ್ ಸ್ವಲ್ಪ ತೋರಿಸಿ ಎಂದೆ. ಅಂಕಿಗಳ ಪರದೆ ತೆರೆದು 40 ಎಂದು ಒತ್ತಿ ಅಂದೆ. ಹೆಬ್ಬೆರಳಿನಿಂದ ನಾಲ್ಕನ್ನು ಒತ್ತಿದರು, ಬಂತು. ಸೊನ್ನೆ ಒತ್ತಿದರು, ಕಣ್ಣು ಕಿರಿದು ಮಾಡಿ ಕಾದರು, ಮತ್ತೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಪರದೆಯ ಮೇಲೆ 4000 ಮೂಡಿತ್ತು. ಆ ಅಂಕಿ ನೋಡಿದ್ದೇ ತಡ, ಕಣ್ಣಲ್ಲಿ ನೀರು ಬಂತು.

ಕಥೆ ಹೊರಬಂದದ್ದು ಆಗ. ಮೂರು ತಿಂಗಳ ಹಿಂದೆ ತರಕಾರಿಯವನಿಗೆ 40 ರೂಪಾಯಿ ಕೊಡಲು ಹೋಗಿ 4,000 ಕಳಿಸಿದ್ದರು. ಮರುದಿನ ಬೆಳಿಗ್ಗೆ ಅವನೇ ಮನೆ ಹುಡುಕಿಕೊಂಡು ಬಂದು ದುಡ್ಡು ಹಿಂತಿರುಗಿಸಿದ. ಆದರೆ ಅಷ್ಟರೊಳಗೆ ಮಗ ಅದರ ಚಿತ್ರವನ್ನು ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ನಗುವ ಮುಖ ಅಂಟಿಸಿದ್ದ. ಎಲ್ಲರೂ ನಕ್ಕರು. “ನಾ ಎತ್ತಿ ಆಡಿಸಿದ ಹುಡುಗೂರೂ ನಕ್ರು.” ಆಮೇಲೆ ಮಗ ಆ್ಯಪ್ ತೆಗೆದುಹಾಕಿದ, ಬ್ಯಾಂಕಿನಲ್ಲಿ ತನ್ನ ನಂಬರ್ ಕೊಡಿಸಿದ. ಈಗ ಪಿಂಚಣಿ ಬಂದ ಸಂದೇಶ ಅವನ ಫೋನಿಗೆ ಹೋಗುತ್ತದೆ. “ನನ್ನ ರೊಕ್ಕ ಬಂದದ್ದು ನನಗ ತಿಳಿಯೂದ ಇಲ್ಲ. ಅಂವ ಏನೂ ತಗೊಳ್ಳಂಗಿಲ್ರಿ, ಬಂಗಾರದಂಥಾ ಮಗ. ಆದ್ರ ಕೇಳಬೇಕಾಗ್ತದಲ್ಲ.”

ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಹೋದಾಗ ಯಂತ್ರ ಇವರ ಬೆರಳಚ್ಚನ್ನು ಮೂರು ಸಲ ತೆಗೆದುಕೊಳ್ಳಲಿಲ್ಲ. “ಬದುಕೀನಿ ಅಂತ ತೋರಸಲಿಕ್ಕೂ ನನ್ನ ಬೆರಳು ಸಾಲಲಿಲ್ಲ,” ಎಂದರು.

ಎಲ್ಲಕ್ಕಿಂತ ಗಂಭೀರವಾದದ್ದು ಕೊನೆಗೆ ಬಂತು. ಆ್ಯಪ್ ತೆಗೆಯುವ ಒಂದು ವಾರ ಮೊದಲು ಔಷಧಿ ಅಂಗಡಿಯಲ್ಲಿ ದುಡ್ಡು ಕಳಿಸಲಾಗದೆ ಪರದಾಡುತ್ತ ನಿಂತಾಗ, ಹಿಂದಿದ್ದ ಹುಡುಗ “ಅಜ್ಜಿ, ಬಾಜೂಕ ಸರೀರಿ” ಎಂದಿದ್ದ. ಗುಳಿಗೆ ತೆಗೆದುಕೊಳ್ಳದೆ ವಾಪಸ್ ಬಂದಿದ್ದರು. ಮತ್ತೆ ಆ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ, ಮಗನಿಗೆ ಹೇಳಲು ಬಾಯಿ ಬರಲಿಲ್ಲ. ಬಿ.ಪಿ. ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತ, ಕಡೆಗೆ ಪೂರ್ತಿ ಬಿಟ್ಟಿದ್ದರು. ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ನಾವಿಬ್ಬರು ಆಡಿದ್ದು ಹೊರಗೆ ಹೋಗುವುದಿಲ್ಲ ಎಂದು ಭರವಸೆ ಕೊಟ್ಟವಳು ನಾನು, ಆದರೆ ಇದನ್ನು ಇವತ್ತೇ ಡಾಕ್ಟರಿಗೂ ಮಗನಿಗೂ ತಿಳಿಸಲೇಬೇಕು, ನೀವೇ ಹೇಳುತ್ತೀರೋ ನಾನು ಹೇಳಲೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವ ಹೇಳ್ರಿ, ನಾ ಬಾಜೂಕ ಕೂತಿರ್ತೀನಿ,” ಎಂದರು.

ಮಗನಿಗೆ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಅವನು ಕೆಟ್ಟವನಲ್ಲ. 2024ರಲ್ಲಿ ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ಸುದ್ದಿಗಳನ್ನು ದಿನಾ ಓದಿ ಓದಿ, ಅವ್ವನ ದುಡ್ಡು ಯಾರಾದರೂ ಹೊಡೆದರೆ ಗತಿಯೇನು ಎಂಬ ದಿಗಿಲು ಅವನಿಗೆ ಹತ್ತಿತ್ತು. ಆ ದಿಗಿಲೇ ಸಿಟ್ಟಾಗಿ, ನಗೆಯಾಗಿ ಹೊರಬರುತ್ತಿತ್ತು. ಆದರೆ ಅವನು ತಾಯಿಗೆ ಕೊಡುತ್ತಿದ್ದದ್ದು ಒಂದಕ್ಕೊಂದು ಹೊಂದದ ಎರಡು ಅಪ್ಪಣೆ: ಎಲ್ಲವನ್ನೂ ಫೋನಿನಲ್ಲೇ ಮಾಡು, ಮತ್ತೆ, ಫೋನಿನಲ್ಲಿ ಏನನ್ನೂ ಮುಟ್ಟಬೇಡ. ಎರಡನ್ನೂ ಪಾಲಿಸಲು ಯಾರಿಂದ ಸಾಧ್ಯ? ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಡ ಎಂದದ್ದಕ್ಕೆ ಅವರು ಯಾವ ಕರೆಯನ್ನೂ ಎತ್ತುವುದು ಬಿಟ್ಟಿದ್ದರು.

ಒಂದು ರೂಪಾಯಿ ಕಳಿಸುವುದನ್ನು ಅವ್ವನಿಗೆ ಹತ್ತು ನಿಮಿಷ ಹೇಳಿಕೊಡಿ, ಫೋನನ್ನು ಮಾತ್ರ ನೀವು ಮುಟ್ಟಬೇಡಿ ಎಂದು ಮಗನನ್ನು ನನ್ನ ಎದುರೇ ಕೂರಿಸಿದೆ. “ಇಲ್ಲೆ... ಅದಲ್ಲ... ಇಕಡೆ ಕೊಡ ಅವ್ವಾ, ನಾ ಮಾಡ್ತೀನಿ.” ಕೈ ಮುಂದೆ ಹೋಗಿದ್ದು ಏಳು ಸಲ, ಎಣಿಸಿದ್ದೆ. ಏಳನೆಯ ಸಲ ತಾನೇ ತಡೆದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನೂರು ಸಲ ಹೇಳಿಕೊಟ್ಟದ್ದು ನಿಜವಿರಬಹುದು. ಆ ನೂರು ಸಲವೂ ಕೆಲಸ ಮುಗಿಸಿದ್ದು ಅವನ ಬೆರಳು.

ನಾನು ಕೊಟ್ಟ ಸಲಹೆಯಲ್ಲಿ ಮೊದಲಿನದು ದೇಹಕ್ಕೆ ಸಂಬಂಧಿಸಿದ್ದು, ಯಾಕೆಂದರೆ ಅರ್ಧ ತೊಡಕು ಅಲ್ಲೇ ಇತ್ತು. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ. ಚರ್ಮದಲ್ಲಿ ಹಾಯುವ ಅತಿ ಸಣ್ಣ ವಿದ್ಯುತ್ತನ್ನು ನಂಬಿರುವ ಪರದೆಗೆ ಅಂಥ ಬೆರಳು ಒಮ್ಮೊಮ್ಮೆ ತಿಳಿಯುವುದೇ ಇಲ್ಲ. ಉಗುರು ತಾಗಿದರಂತೂ ಏನೂ ಆಗದು. ಜೀವಮಾನವಿಡೀ ‘ಟಕ್’ ಎನ್ನುವ ತನಕ ಒತ್ತಿದ ಕೈ ಇಲ್ಲೂ ಹಾಗೇ ಒತ್ತಿ ಹಿಡಿಯುತ್ತದೆ. ಫೋನು ಅದನ್ನು ಬೇರೆಯೇ ಅಪ್ಪಣೆ ಎಂದುಕೊಂಡು ಇನ್ನೇನನ್ನೋ ತೆರೆಯುತ್ತದೆ. ಸೆಟ್ಟಿಂಗ್ಸಿನ ಆ್ಯಕ್ಸೆಸಿಬಿಲಿಟಿಯಲ್ಲಿ, ಒತ್ತಿ ಹಿಡಿದದ್ದೆಂದು ಲೆಕ್ಕ ಹಿಡಿಯುವ ಸಮಯವನ್ನು ದೀರ್ಘ ಮಾಡಿದೆವು, ಅಕ್ಷರ ದೊಡ್ಡದು ಮಾಡಿದೆವು, ಅಂಕಿ ಮುಟ್ಟಿದಾಗ ಸಣ್ಣಗೆ ನಡುಗುವಂತೆ ಮಾಡಿದೆವು. ಬಿರುಕು ಬಿಟ್ಟ ಗಾಜನ್ನು ತೆಗೆಸಿದೆವು. ಅವರ ಕನ್ನಡಕ ಎರಡು ಬಗೆಯದು, ಓದುವ ಭಾಗ ಕೆಳಗಿದೆ. ಫೋನನ್ನು ಮುಖದ ನೇರಕ್ಕೆ ಎತ್ತಿ ಹಿಡಿದರೆ ಮಸುಕು. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ಕೆಳಗಿಟ್ಟು ನೋಡಿದಾಗ “ಅಯ್ಯ, ಕಾಣಸ್ತದ!” ಎಂದರು. ಕಿವಿಯೂ ಸ್ವಲ್ಪ ಮಂದವಾದಂತಿತ್ತು, ಪರೀಕ್ಷೆ ಮಾಡಿಸಲು ಹೇಳಿದೆ.

ದುಡ್ಡಿನ ವಿಷಯದಲ್ಲಿ ಮಗನ ಭಯಕ್ಕೂ ಬೆಲೆ ಕೊಡಬೇಕಿತ್ತು. ಪಿಂಚಣಿ ಖಾತೆಯನ್ನು ಯುಪಿಐಗೆ ಜೋಡಿಸುವುದು ಬೇಡ. ಅವರ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು, ತಿಂಗಳಿಗೆ ಮೂರು ಸಾವಿರ ಅದಕ್ಕೆ ಬೀಳುವಂತೆ ಮಾಡಿ ಎಂದೆ. ತಪ್ಪಾದರೂ ಅಷ್ಟರೊಳಗೇ ಆಗಲಿ. ಬ್ಯಾಂಕಿನಲ್ಲಿ ನಂಬರು ಮತ್ತೆ ತಾಯಿಯದೇ ಆಗಬೇಕು ಎಂಬುದರಲ್ಲಿ ಮಾತ್ರ ನಾನು ಬಿಗಿಯಾಗಿ ನಿಂತೆ. ಸಂದೇಶದ ಪ್ರತಿ ಮಗನಿಗೆ ಬೇಕಿದ್ದರೆ ತಾಯಿಯ ಒಪ್ಪಿಗೆಯಿಂದ ಹೋಗಲಿ. ಪಾಸ್‌ಬುಕ್ ಬರೆಸುವುದೂ ಮುಂದುವರಿಯಲಿ. ಕೈಯಲ್ಲಿ ಹಿಡಿದು ನೋಡುವ ಲೆಕ್ಕ ಅವರಿಗೆ ನಿದ್ದೆ ಕೊಡುತ್ತದೆ.

ಮೋಸದ ಬಗ್ಗೆ ಮೂರೇ ಸಾಲು ಅವರ ಕೈಯಿಂದಲೇ ಬರೆಸಿದೆ: ‘ರೊಕ್ಕ ಬರಲಿಕ್ಕೆ ಪಿನ್ ಬೇಡ, ಕೊಡಲಿಕ್ಕೆ ಮಾತ್ರ ಬೇಕು. ಫೋನಿನಾಗ ಯಾವ ಪೊಲೀಸರೂ ಅರೆಸ್ಟ್ ಮಾಡಂಗಿಲ್ಲ. ತಪ್ಪಾದ್ರ ಅಂಜದ 1930ಕ್ಕ ಫೋನ್, ತಡಾ ಮಾಡಬಾರದು.’ 1930 ಎಂದರೆ ಸೈಬರ್ ಮೋಸದ ದೂರು ಕೊಡುವ ಸಹಾಯವಾಣಿ. ಕೊನೆಯ ಸಾಲು ಮುಖ್ಯ. ಬೈಗುಳಕ್ಕೆ ಹೆದರಿ ಹಿರಿಯರು ಮೋಸವನ್ನು ದಿನಗಟ್ಟಲೆ ಮುಚ್ಚಿಡುತ್ತಾರೆ, ದುಡ್ಡು ತಡೆಹಿಡಿಯಬಹುದಾದ ಹೊತ್ತು ಅಷ್ಟರಲ್ಲಿ ದಾಟಿಹೋಗುತ್ತದೆ. ನೀವು ಇವತ್ತು ನಕ್ಕರೆ ನಾಳೆಯ ಮೋಸ ನಿಮ್ಮ ಕಿವಿಗೆ ಬೀಳುವುದಿಲ್ಲ ಎಂದು ಮಗನಿಗೆ ಹೇಳಿದೆ. ಗುಂಪಿನಲ್ಲಿ ನಕ್ಕದ್ದಕ್ಕೆ ಗುಂಪಿನಲ್ಲೇ ಕ್ಷಮೆ ಕೇಳಬೇಕು ಎಂದೂ ಹೇಳಿದೆ. ಅವನು ಅಂದು ರಾತ್ರಿಯೇ ಬರೆದ.

ಕಲಿಕೆಗೆ ವಾರಕ್ಕೆ ಒಂದೇ ಕೆಲಸ. ಹಂತಗಳನ್ನು ಅವರೇ, ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಪಿನ್ ಮಾತ್ರ ಅದರಲ್ಲಿ ಬೇಡ. ದಿನಾ ತಾಯಿ ಮಗನಿಗೆ ಒಂದು ರೂಪಾಯಿ, ಮಗ ತಾಯಿಗೆ ಒಂದು ರೂಪಾಯಿ. ಕಳಿಸುವ ಮೊದಲು ಮೊತ್ತವನ್ನು ಗಟ್ಟಿಯಾಗಿ ಓದಬೇಕು. ಟ್ರಂಕ್ ಬೋರ್ಡಿನಲ್ಲಿ ನಂಬರನ್ನು ಹಾಗೇ ಓದಿ ಹೇಳುತ್ತಿದ್ದರಂತೆ, ಈ ಒಂದು ಅಭ್ಯಾಸ ತಾನಾಗಿಯೇ ಬಂತು.

ಬೇಡವಾದದ್ದನ್ನು ಬೇಡ ಎನ್ನುವ ಹಕ್ಕೂ ಅವರಿಗಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೇ ಸೇವೆ ಕೊಡುವ ವ್ಯವಸ್ಥೆ ಮಾಡಿ ಎಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಲೈಫ್ ಸರ್ಟಿಫಿಕೇಟಿಗೆ ಬೆರಳು ಸಾಲದಿದ್ದರೆ ಮುಖ ತೋರಿಸಿ ಕೊಡುವ ಅನುಕೂಲ 2021ರಿಂದ ಇದೆ. ಔಷಧಿ ಅಂಗಡಿಗೆ ನೋಟು ಒಯ್ಯುವುದು ಸೋಲಲ್ಲ.

ಉಳಿದದ್ದು ಕೌಂಟರಿನ ಮುಂದಿನ ನಾಚಿಕೆ. ಹಿಂದಿನವರು ಗೊಣಗಿದಾಗ ಏನು ಹೇಳುತ್ತೀರಿ ಎಂದು ಕೇಳಿದೆ. ತಲೆ ತಗ್ಗಿಸಿದರು. ಬೋರ್ಡಿನಲ್ಲಿ ಕಾಲ್ ತಡವಾದಾಗ ಆ ಕಡೆಯವರು ಸಿಟ್ಟಿಗೆದ್ದರೆ ಏನೆನ್ನುತ್ತಿದ್ದಿರಿ? “ಲೈನಿನಲ್ಲಿರಿ, ಕೊಡ್ತೀನಿ.” ಶುದ್ಧವಾದ, ಅಳುಕಿಲ್ಲದ ಆಪರೇಟರ್ ದನಿ. ಅದೇ ದನಿಯಲ್ಲಿ, ನನ್ನ ಮೇಜನ್ನೇ ಅಂಗಡಿಯ ಕೌಂಟರ್ ಮಾಡಿಕೊಂಡು, ಏಳೆಂಟು ಸಲ ಅಭ್ಯಾಸ ಮಾಡಿದೆವು. ಹೊರಗೆ ಕೂತಿದ್ದ ಮಗ ಬಾಗಿಲು ಸರಿಸಿ ಒಳಗೆ ಇಣುಕಿದ.

ಹನ್ನೊಂದು ವಾರದ ಮೇಲೆ ಬಂದಾಗ ಬಿ.ಪಿ. ಹತೋಟಿಯಲ್ಲಿತ್ತು. ರಕ್ತಪರೀಕ್ಷೆಯಲ್ಲಿ ಬಿ-12 ಸ್ವಲ್ಪ ಕಡಿಮೆ ಬಂದು ಅದಕ್ಕೂ ಔಷಧಿ ನಡೆದಿತ್ತು, ಸ್ಮರಣೆಯ ಪರೀಕ್ಷೆಯಲ್ಲಿ ಗಾಬರಿಪಡುವಂಥದ್ದೇನೂ ಕಾಣಲಿಲ್ಲ ಎಂದು ವೈದ್ಯರು ಬರೆದಿದ್ದರು. ಕರೆಂಟ್ ಬಿಲ್ ಕಟ್ಟುವುದು ಅವರಿಗೆ ಇನ್ನೂ ಬಂದಿಲ್ಲ. ಬೇಕಾಗಿಯೂ ಇಲ್ಲ, ಅದನ್ನು ಮಗ ಕಟ್ಟುತ್ತಾನೆ. ಅವಸರವಿದ್ದಾಗ ಅವನ ಕೈ ಈಗಲೂ ಮುಂದೆ ಹೋಗುತ್ತದಂತೆ, ಆಗ ಇವರು ಫೋನನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರಂತೆ. ಔಷಧಿ ಅಂಗಡಿಗೆ ಎರಡು ಸಲ ಒಬ್ಬರೇ ಹೋಗಿ ಬಂದಿದ್ದಾರೆ, ಒಮ್ಮೆ ನೋಟು ಕೊಟ್ಟು, ಒಮ್ಮೆ ಫೋನಿನಿಂದ. ಕಿವಿಯ ಪರೀಕ್ಷೆ ಇನ್ನೂ ಆಗಿಲ್ಲ, ಮುಂದಿನ ಭೇಟಿಯೊಳಗೆ ಮಾಡಿಸಲು ಹೇಳಿದ್ದೇನೆ.