ಹೊಳೆಗೆ ಹಾರುವವನಿಗೆ ಸಂಘ ಯಾಕೆ?

ಬೀಳಗಿ ತಾಲ್ಲೂಕಿನ ಆಲಮಟ್ಟಿ ಹಿನ್ನೀರಿನ ದಂಡೆಯ ಊರೊಂದರಿಂದ ನಿವೃತ್ತ ಮಾಸ್ತರರೊಬ್ಬರು ಬರೆದ ಕಾಗದವಿದು. ಹೆಸರು ಹಾಕಬೇಡಿ ಎಂದಿದ್ದಾರೆ.

"ಯುಗಾದಿ ಮರುದಿನ ಎಮ್ಮಿ ಮೈ ತೊಳ್ಯಾಕ ಹೋದ ಹುಡುಗ ಹಿನ್ನೀರಿನ್ಯಾಗ ಮುಳುಗಿದ. ಅಂಬಿಗರ ಹುಡುಗ ಒಬ್ಬ ಹಾರಿ ಎತ್ತಿ ತಂದ. ಮಂದಿ ಆ ಕೂಸಿನ್ನ ತಲಿಕೆಳಗ ಹಿಡದು, ಹೆಗಲಮ್ಯಾಲ ಹಾಕ್ಕೊಂಡು ತಿರುಗಿಸಿ, ಹೊಟ್ಟಿ ಒತ್ತಿ ನೀರು ತಗದರು. ಉಳೀಲಿಲ್ಲ. ಈಗ ನಮ್ಮ ಹುಡುಗರು ಜೀವರಕ್ಷಕರ ಸಂಘ ಕಟ್ಟತೀವಿ ಅಂತಾರ. ಧೈರ್ಯ ಇದ್ದಾಂವ ಹಾರತಾನ, ಇಲ್ಲದಾಂವ ದಂಡಿಮ್ಯಾಲ ನಿಂದರತಾನ. ಇದಕ್ಕ ಸಂಘ, ಅಧ್ಯಕ್ಷರು, ರಿಜಿಸ್ಟರು ಯಾಕ ಬೇಕು? ಇಂಥಾವು ಬ್ಯಾರೆ ಎಲ್ಲೆರ ಅದಾವೇನು?"

ಮಾಸ್ತರರಿಗೆ ಶರಣು.

ನಿಮ್ಮ ಕಾಗದ ನಾಲ್ಕು ದಿನ ಮೇಜಿನ ಮೇಲೇ ಇತ್ತು. ಉತ್ತರ ಬರೆಯಲು ಕೈ ಏಳಲಿಲ್ಲ. ನಮ್ಮ ಸೋದರಮಾವ ಮುಧೋಳದ ಕಡೆ ಘಟಪ್ರಭೆಯ ದಂಡೆಯ ರೈತರು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ಬಾವಿಗಿಳಿಸಿ, ನನಗೆ ಈಜು ಕಲಿಸಿದವರು. ಒಂದು ಮಳೆಗಾಲ ಬಾಂದಾರದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ, ಕೆಳಗೆ ಯಾರೋ ಮುಳುಗುತ್ತಿದ್ದುದನ್ನು ಕಂಡು ಹಾರಿದರು. ಮುಳುಗುತ್ತಿದ್ದವನು ಅವರ ಕೊರಳು ತಬ್ಬಿಕೊಂಡ. ಇಬ್ಬರೂ ಮೇಲೆ ಬರಲಿಲ್ಲ. ದಂಡೆಯ ಮೇಲೆ ಗಾಡಿ ನಿಂತಿತ್ತು, ಗಾಡಿಯಲ್ಲಿ ಮೇವು ಬಿಗಿಯುವ ಹಗ್ಗವಿತ್ತು, ಸುತ್ತ ಹತ್ತು ಮಂದಿ ಇದ್ದರು. ಹಗ್ಗದ ನೆನಪು ಒಬ್ಬರಿಗೂ ಆಗಲಿಲ್ಲ.

ಅವರ ಧೈರ್ಯಕ್ಕೆ ಏನೂ ಕಡಿಮೆ ಇರಲಿಲ್ಲ, ಮಾಸ್ತರರೇ. ಆದರೆ ಆ ದಿನದಿಂದ ಊರು ಏನನ್ನೂ ಕಲಿಯಲಿಲ್ಲ. ಕಲಿತು ಇಟ್ಟುಕೊಳ್ಳಲು, ಮುಂದಿನವರಿಗೆ ಹೇಳಲು ಯಾರೂ ಇರಲಿಲ್ಲ. ಸಂಘ ಬೇಕಾಗುವುದು ಅದಕ್ಕೆ.

ಇಂಥವು ಎರಡೂವರೆ ನೂರು ವರ್ಷದಿಂದ ಇವೆ. ಊರ ತುಂಬ ಕಾಲುವೆಗಳಿರುವ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1767ರಲ್ಲಿ ಒಂದು ಹುಟ್ಟಿತು. 1774ರಲ್ಲಿ ವಿಲಿಯಂ ಹಾವ್ಸ್, ಥಾಮಸ್ ಕೋಗನ್ ಎಂಬಿಬ್ಬರು ಲಂಡನ್ನಿನಲ್ಲಿ ಕಟ್ಟಿದ್ದು ಮುಂದೆ ರಾಯಲ್ ಹ್ಯುಮೇನ್ ಸೊಸೈಟಿಯಾಯಿತು. ನೀರಿನಿಂದ ತೆಗೆದವರನ್ನು ಹೆಣವೆಂದೇ ತಿಳಿದು ಆಗ ಯಾರೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅದಕ್ಕಾಗಿ ಎತ್ತಿ ತಂದವರಿಗಷ್ಟೇ ಅಲ್ಲ, ಆರೈಕೆಗೆ ಮನೆಯಲ್ಲಿ ಜಾಗ ಕೊಟ್ಟವರಿಗೂ ಸಂಘ ಹಣ ಕೊಟ್ಟಿತು. ಒಬ್ಬ ಮುಳುಗಿದಂತೆ, ಇನ್ನೊಬ್ಬ ಎತ್ತಿದಂತೆ ನಟಿಸಿ ಹಣ ಹಂಚಿಕೊಳ್ಳುವವರು ಹುಟ್ಟಿಕೊಂಡ ಮೇಲೆ ಹಣದ ಬದಲು ಪದಕ ಬಂತು.

ನಿಮ್ಮೂರ ಮಂದಿ ಮಾಡಿದ್ದಕ್ಕೆ ಅವರನ್ನು ಬೈಯಬೇಡಿ. ಆ ಹಿರಿಯ ಸಂಘಗಳೂ ಮೊದಮೊದಲು ತಪ್ಪನ್ನೇ ಮಾಡಿದವು. ತಂಬಾಕಿನ ಹೊಗೆಯನ್ನು ತಿದಿಯಿಂದ ಗುದದ್ವಾರದಲ್ಲಿ ಊದಿದರೆ ಜೀವ ಮರಳುತ್ತದೆಂದು ನಂಬಿ, ಥೇಮ್ಸ್ ನದಿಯ ದಂಡೆಯುದ್ದಕ್ಕೂ ಅದರ ಪೆಟ್ಟಿಗೆಗಳನ್ನು ಇಟ್ಟಿದ್ದರು. ತಂಬಾಕಿನ ವಿಷ ಹೃದಯಕ್ಕೇ ಹೊಡೆತ ಕೊಡುತ್ತದೆಂದು 1811ರಲ್ಲಿ ಬ್ರೋಡಿ ಎಂಬ ವೈದ್ಯರು ತೋರಿಸಿದರು. ಮುಂದೆ ಕೈಗಳನ್ನು ಎತ್ತಿ ಇಳಿಸುವ ಪದ್ಧತಿ ಬಂತು, 1903ರಲ್ಲಿ ಬೋರಲು ಮಲಗಿಸಿ ಬೆನ್ನು ಒತ್ತುವುದು ಬಂತು. 1950ರ ದಶಕದಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, 1960ರಲ್ಲಿ ಎದೆ ಒತ್ತುವುದು ಸೇರಿದವು. ಪ್ರತಿಸಲವೂ ನಿನ್ನೆಯವರೆಗೆ ಕಲಿಸಿದ್ದನ್ನು ಬಿಟ್ಟು ಹೊಸದನ್ನು ಕಲಿಸಬೇಕಾಯಿತು. ಒಬ್ಬೊಬ್ಬರಾಗಿದ್ದರೆ ಈ ತಿದ್ದುಪಡಿ ಊರೂರಿಗೆ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಮುಟ್ಟಿಲ್ಲವೆಂಬುದಕ್ಕೆ ನಿಮ್ಮ ಕಾಗದವೇ ಸಾಕ್ಷಿ.

ಈಗ ಗೊತ್ತಿರುವುದನ್ನು ಬರೆಯುತ್ತೇನೆ, ಹುಡುಗರಿಗೆ ಓದಿ ಹೇಳಿ. ಮುಳುಗಿದವರ ಜೀವ ಹೋಗುವುದು ಹೊಟ್ಟೆಯ ನೀರಿನಿಂದಲ್ಲ, ಉಸಿರು ನಿಂತಿದ್ದರಿಂದ. ಹೊಟ್ಟೆ ಒತ್ತಿದರೆ ಅಲ್ಲಿನ ನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತಿರುಗಿಸುವುದರಲ್ಲಿ ಹೊತ್ತು ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಮೊದಲು ಉಸಿರು ಕೊಡಬೇಕು. ಯುರೋಪಿನವರು ಮೊದಲಿಗೆ ಐದು ಉಸಿರು ಎನ್ನುತ್ತಾರೆ, ಅಮೆರಿಕದವರು ಎರಡು. ಚೇತನ ಕಾಣದಿದ್ದರೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಮತ್ತೆ 30, ಮತ್ತೆ 2. ನಿಮಿಷಕ್ಕೆ 100ರಿಂದ 120ರ ವೇಗ. ಅಷ್ಟರಲ್ಲಿ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಅಗ್ನಿಶಾಮಕದವರು ತಾಲ್ಲೂಕಿನಿಂದ ಬರುವಷ್ಟು ಹೊತ್ತು ಮಿದುಳು ಕಾಯುವುದಿಲ್ಲ. ಕೆಲವೇ ನಿಮಿಷದ ಆಟ ಅದು, ಆ ನಿಮಿಷಗಳು ದಂಡೆಯ ಮೇಲಿದ್ದವರ ಕೈಯಲ್ಲೇ ಇರುತ್ತವೆ. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈ ಪಳಗಿಸಬೇಕು.

1891ರಲ್ಲಿ ವಿಲಿಯಂ ಹೆನ್ರಿ ಎಂಬ ಈಜುಗಾರರು ಲಂಡನ್ನಿನಲ್ಲಿ ಕಟ್ಟಿದ ಸಂಘ, ಈಗಿನ ರಾಯಲ್ ಲೈಫ್ ಸೇವಿಂಗ್ ಸೊಸೈಟಿ, ಹಿಡಿದ ಕೆಲಸ ಇದೇ. ಕೊರಳು ತಬ್ಬಿದವನಿಂದ ಬಿಡಿಸಿಕೊಳ್ಳುವುದನ್ನೂ ಕವಾಯತಿನಂತೆ ಸಾಲಾಗಿ ನಿಲ್ಲಿಸಿ ಕಲಿಸಿದರು. ಅದನ್ನು ಮೊದಲ ಸಲ ಓದಿದಾಗ ಮಾವ ನೆನಪಾಗಿ ನನಗೆ ಮುಂದೆ ಓದಲಾಗಲಿಲ್ಲ. ಜರ್ಮನಿಯಲ್ಲಿ 1912ರಲ್ಲಿ ಬಿನ್ಸ್ ಎಂಬಲ್ಲಿ ಸಮುದ್ರದೊಳಕ್ಕೆ ಚಾಚಿದ ಹಡಗುಕಟ್ಟೆ ಕುಸಿದು ಜನ ಸತ್ತ ಮೇಲೆ, ಮರುವರ್ಷವೇ ಸಂಘ ಎದ್ದಿತು. ಸ್ವಯಂಸೇವಕರ ಜಲರಕ್ಷಣಾ ಸಂಘಗಳಲ್ಲಿ ಇಂದು ಅದೇ ಲೋಕಕ್ಕೆ ದೊಡ್ಡದು.

ಸಿಡ್ನಿಯ ಬಾಂಡೈ ಕಡಲತೀರದ ಕಥೆಯನ್ನು ಮಾತ್ರ ಸಾವಧಾನವಾಗಿ ಹೇಳಬೇಕು. ಆಗ ಅಲ್ಲಿಯವರದು ಸರಳ ಪದ್ಧತಿ. ಒಬ್ಬ ಸೊಂಟಕ್ಕೆ ಪಟ್ಟಿ ಬಿಗಿದು ಈಜಿಕೊಂಡು ಹೋಗುತ್ತಿದ್ದ, ಪಟ್ಟಿಗೆ ಹಗ್ಗ, ಹಗ್ಗ ದಂಡೆಯ ಮೇಲಿನ ರಾಟೆಗೆ. ಅವನು ಮುಳುಗುವವನನ್ನು ಹಿಡಿದ ಕೂಡಲೇ ದಂಡೆಯವರು ಎಳೆಯುತ್ತಿದ್ದರು. 1938ರ ಫೆಬ್ರವರಿ 6ರಂದು ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ಇನ್ನೂರಕ್ಕೂ ಹೆಚ್ಚು ಜನರನ್ನು ಒಳಗೆಳೆದುಕೊಂಡವು. ಅಂದು ಸ್ಪರ್ಧೆಗೆಂದು ಹತ್ತಾರು ಜೀವರಕ್ಷಕರು ದಂಡೆಯಲ್ಲೇ ಕೂಡಿದ್ದರು. ಸತ್ತವರು ಐವರು, ಉಳಿದವರೆಲ್ಲ ಬದುಕಿದರು. ಸಂಬಳವಿಲ್ಲದೆ ವಾರವಾರ ಹಗ್ಗ ಎಳೆದು ರೂಢಿಯಾದ ಕೈಗಳವು.

ಸೋರೆಬುರುಡೆ ಎಂದಾಗ ಇನ್ನೊಂದು ನೆನಪಾಯಿತು. ಇಂಗ್ಲೆಂಡಿನ ವಿಟ್ಬಿಯಲ್ಲಿ 1861ರಲ್ಲಿ ರಕ್ಷಣೆಗೆ ಹೋದ ದೋಣಿಯೇ ಮಗುಚಿ 13 ಜನರಲ್ಲಿ 12 ಜನ ಸತ್ತರು. ಉಳಿದ ಹೆನ್ರಿ ಫ್ರೀಮನ್ ಎಂಬವನ ಮೈಮೇಲೆ ಹೊಸ ನಮೂನೆಯ ಬೆಂಡಿನ ಅಂಗಿಯಿತ್ತು. ನಮ್ಮಲ್ಲಿ ಈಜು ಬಂದ ಮೇಲೆ ಬುರುಡೆ ಕಟ್ಟಿಕೊಳ್ಳುವುದು ಅವಮಾನ. ನಿಮ್ಮ ಸಂಘದಲ್ಲಿ ಈ ಮಾತು ಬಾರದಿರಲಿ.

ಎಲ್ಲ ಜೀವರಕ್ಷಕರ ಮೊದಲ ಪಾಠ, ಹಾರುವುದು ಕೊನೆಗೆ. ಮೊದಲು ಕೋಲು ಚಾಚು, ಸೀರೆಯೋ ಹಿರಿಯರ ರುಮಾಲೋ ಬಿಚ್ಚಿ ಎಸೆ, ಹಗ್ಗ, ಲಾರಿ ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆ. ಆಗದಿದ್ದರೆ ತೆಪ್ಪ. ಮುಳುಗುವವರು ಕೂಗುತ್ತಾರೆಂದು ಕಾಯಬೇಡಿ, ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಾಡಲೇ ಆಗದು, ಕೂಗುವುದೆಲ್ಲಿ?

ನಮ್ಮ ಕಡೆಯ ನೀರು ಈಗ ಮೊದಲಿನಂಥ ನೀರಲ್ಲ. ಬಾಂದಾರದ ಕೆಳಗೆ ಧುಮುಕುವ ನೀರು ಒಳಗೇ ಉರುಳುತ್ತ ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ, ಎಂಥ ಈಜುಗಾರನೂ ಅಲ್ಲಿ ಸೋಲುತ್ತಾನೆ. ಕಾಲುವೆಯ ಸಿಮೆಂಟ್ ಇಳಿಜಾರಿನಲ್ಲಿ ಪಾಚಿ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿದ್ದ ಮಗುವಿಗೆ ಹಿಡಿಯಲು ಒಂದು ಕಲ್ಲೂ ಸಿಗದು. ಹೊಂಡಕ್ಕೊಂದು ಗಂಟು ಹಾಕಿದ ಹಗ್ಗ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಲು ಎಷ್ಟು ಖರ್ಚಾದೀತು? ಸಂಕ್ರಮಣದ ದಿನ ಕೂಡಲಸಂಗಮದಲ್ಲಿ ಮೀಯಲು ಸೇರುವ ಜನರ ನಡುವೆ ಹಗ್ಗ ಹಿಡಿದು ನಿಲ್ಲುವ ಹತ್ತು ಹುಡುಗರು ನಿಮ್ಮೂರಿನವರಾದರೆ ನಾನೂ ಬಂದು ಜೊತೆಗೆ ನಿಲ್ಲುತ್ತೇನೆ. ತರಬೇತಿಗೆ ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಗೆ ಬರೆಯಿರಿ, ನಮಗೆ ದೂರವಲ್ಲ.

ಊರವರು ಕೂಡಿದರೆ ಏನಾದೀತು ಎಂದು ಅನುಮಾನವಿದ್ದರೆ ಜಮಖಂಡಿಯ ಚಿಕ್ಕಪಡಸಲಗಿಗೆ ಹೋಗಿ ಬನ್ನಿ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ಹಣ ಹಾಕಿ, ಬೆವರು ಹಾಕಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರು ನಿಲ್ಲಿಸಲು ಕೂಡಿದ ಜನ ಅದೇ ನೀರಿನಿಂದ ಮಕ್ಕಳನ್ನು ಕಾಯಲು ಕೂಡಲಾರರೇ?

ರಿಜಿಸ್ಟರು ಬೇಕೇ ಎಂದಿರಿ. ಬೇಕು. ಅದರ ಮೊದಲ ಪುಟದಲ್ಲಿ ಅಧ್ಯಕ್ಷರ ಹೆಸರಿಗಿಂತ ಮುಂಚೆ ಬರೆಯಬೇಕಾದದ್ದೊಂದಿದೆ. ನಿಮ್ಮದು ಮುಳುಗಡೆಯ ಊರು. ಹಳೆಯ ಊರಿನ ಬಾವಿಗಳು, ಕಲ್ಲಿನ ಗುಂಡಿಗಳು, ಹೊಳೆಯ ಮಡುಗಳು ಎಲ್ಲವೂ ಹಿನ್ನೀರಿನ ಕೆಳಗೆ ಇವೆ. ಎಮ್ಮೆಯ ಹಿಂದೆ ಹೋದ ಹುಡುಗನಿಗೆ ಅವು ಗೊತ್ತಿರಲಿಲ್ಲ. ಗೊತ್ತಿರುವ ಹಿರಿಯರು ಇನ್ನೂ ನಿಮ್ಮ ನಡುವೆ ಇದ್ದಾರೆ, ನೀವೂ ಒಬ್ಬರು. ಈ ಬೇಸಿಗೆ ನೀರು ಇಳಿದಾಗ ಅವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಆ ಅಂಬಿಗರ ಹುಡುಗನೇ ಹುಟ್ಟು ಹಾಕಲಿ. ಅವರು ಬೊಟ್ಟು ಮಾಡಿದಲ್ಲೆಲ್ಲ ಒಂದು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ ಬನ್ನಿ.