ಮಗು ನಿದ್ದೆಯಲ್ಲೇ ಬೋರಲು ಬೀಳುತ್ತಿದೆ, ರಾತ್ರಿಯಿಡೀ ತಿರುಗಿಸುತ್ತಾ ಕೂರಬೇಕಾ?

ಬೇಡ, ಕೂರಬೇಡಿ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ಅಂತ ಬರೆದಿದ್ದೀರಿ. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿದ್ದೆ ಮಾಡಿ ಎದ್ದ ಮೇಲೆ ಓದಿಕೊಳ್ಳಿ. ಮಗಳನ್ನು ಪ್ರತಿ ಸಲವೂ ಅಂಗಾತವೇ ಮಲಗಿಸಿ. ಅವಳ ಸುತ್ತ ಇರುವ ದಿಂಬು, ಲೋಡು, ಹೊದಿಕೆ, ಗೊಂಬೆ ಎಲ್ಲ ತೆಗೆಯಿರಿ. ಬಟ್ಟೆ ಸುತ್ತಿ ಮಲಗಿಸುವುದನ್ನು ಇವತ್ತಿಗೇ ನಿಲ್ಲಿಸಿ. ಇಷ್ಟಾದ ಮೇಲೂ ಅವಳು ತಾನಾಗಿ ಬೋರಲು ಬಿದ್ದದ್ದು ನಿಮ್ಮ ಕಣ್ಣಿಗೆ ಬಿದ್ದರೆ ಮೆಲ್ಲಗೆ ತಿರುಗಿಸಿ. ಅದಕ್ಕಾಗಿ ಎದ್ದು ಕಾವಲು ಕಾಯುವುದು ಬೇಡ.

ನಿಮ್ಮ ಪ್ರಶ್ನೆ ಓದಿ ನನಗೆ ಹೆದರಿಕೆಯಾದದ್ದು ಮಗು ಮಗುಚುವುದಕ್ಕಲ್ಲ. ನಾಲ್ಕೂವರೆ ತಿಂಗಳಿಗೆ ಮಗುಚುವುದು ಹೊತ್ತಿಗೆ ಸರಿಯಾಗಿಯೇ ಇದೆ. ಅತ್ತೆ ಹೇಳಿದರು ಅಂತ ಎರಡೂ ಪಕ್ಕ ದಿಂಬು ಒತ್ತಿಟ್ಟು ಮಲಗಿಸುತ್ತಿದ್ದೀರಲ್ಲ, ಅದಕ್ಕೆ. ನಾನೂ ಅದನ್ನೇ ಮಾಡಿದವಳು.

ನನ್ನ ಮಗ ಹುಟ್ಟಿದಾಗ ಬಾಣಂತನಕ್ಕೆ ರಾಣೆಬೆನ್ನೂರಿನ ತವರಿನಲ್ಲಿದ್ದೆ. ಅಜ್ಜಿ ಕೈಯಾರೆ ಎರಡು ಪುಟ್ಟ ಲೋಡು ಹೊಲಿದಿದ್ದರು, ಒಳಗೆ ಬೂರುಗದ ಹತ್ತಿ. ಬೆರಳಿಟ್ಟರೆ ಒಳಗೆ ಇಳಿಯುವಷ್ಟು ಮೆತ್ತಗೆ. ಮಗ ಮೊದಲ ಸಲ ಮಗುಚಿಕೊಂಡ ದಿನ ಮನೆಯಲ್ಲಿ ಕಡುಬು ಮಾಡಿ ಅಕ್ಕಪಕ್ಕದವರಿಗೆ ಕೊಟ್ಟಿದ್ದೂ ಆಯಿತು. ಅವತ್ತು ರಾತ್ರಿ ಅವ್ವ, "ಇನ್ನ ಮ್ಯಾಲ ಲೋಡ್ ಗಟ್ಟಿಯಾಗಿ ಒತ್ತಿಡು, ಇಲ್ಲಾಂದ್ರ ಕೂಸು ಉಳ್ಳಾಡ್ತೈತಿ" ಅಂದಳು. ಇಟ್ಟೆ.

ನಾಲ್ಕೋ ಐದೋ ದಿನ ಕಳೆದಿರಬೇಕು. ಬೆಳಗಿನ ಜಾವ ಎಚ್ಚರವಾಯಿತು. ಉಸಿರಿನ ಸದ್ದು ಬೇರೆ ಥರ ಕೇಳಿಸಿತು, ಮುಚ್ಚಿದ ಬಾಗಿಲ ಹಿಂದಿನಿಂದ ಬಂದ ಹಾಗೆ. ಫೋನಿನ ಬೆಳಕು ಹಿಡಿದು ನೋಡಿದೆ. ಅವನು ಅರ್ಧ ಮಗುಚಿದ್ದ. ಪೂರ್ತಿ ಮಗುಚಲು ಲೋಡು ಬಿಟ್ಟಿರಲಿಲ್ಲ, ವಾಪಸ್ ಅಂಗಾತ ಆಗಲು ಬೆನ್ನ ಹಿಂದಿನ ಲೋಡು ಬಿಡುತ್ತಿರಲಿಲ್ಲ. ಮೂಗು ಬಾಯಿ ಎರಡೂ ಹತ್ತಿಯೊಳಗೆ ಹೂತಿದ್ದವು. ಎಳೆದು ಎತ್ತಿಕೊಂಡೆ. ಹಣೆಯೆಲ್ಲ ಬೆವರು. ಅವನು ಒಂದು ಸಲ ಸಿಡುಕಿ, ಹಾಲು ಕುಡಿದು, ಮತ್ತೆ ಮಲಗಿದ. ನಾನು ಮಲಗಲಿಲ್ಲ.

ಮರುದಿನ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡಿ ಮಗು ಚೆನ್ನಾಗಿದೆ ಅಂದರು. ಆಮೇಲೆ ಲೋಡು ಯಾಕೆ ಇಟ್ಟಿದ್ದು ಅಂತ ಕೇಳಿದರು. ಉರುಳಬಾರದು ಅಂತ ಅಂದೆ. "ಉರುಳಿದನಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ಗಟ್ಟಿ ಹಾಸಿನ ಮೇಲೆ ಬೋರಲು ಬಿದ್ದ ಮಗು ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿಕೊಂಡು ಉಸಿರಾಡುತ್ತದೆ. ಮೆತ್ತನೆಯ ದಿಂಬಿನಲ್ಲಿ ಮುಖ ಹೂತರೆ ಮಗು ಬಿಟ್ಟ ಉಸಿರು ಹೊರಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಮಗು ಅದೇ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತಾ ಹೋಗುತ್ತದೆ. ನಮಗಾದರೆ ಉಸಿರು ಕಟ್ಟಿದ ಹಾಗಾಗಿ ಎಚ್ಚರವಾಗುತ್ತದೆ. ಆ ಎಚ್ಚರ ಎಳೆ ಮಕ್ಕಳಲ್ಲಿ ಇನ್ನೂ ಪಕ್ವವಾಗಿರುವುದಿಲ್ಲ. ಸದ್ದೇ ಇರುವುದಿಲ್ಲ ಅನ್ನುವುದು ಇದರಲ್ಲಿ ಭಯ ಹುಟ್ಟಿಸುವ ಸಂಗತಿ. ಅವತ್ತು ನನಗೆ ಎಚ್ಚರವಾಗಿದ್ದು ಪುಣ್ಯ ಅಷ್ಟೇ.

ಚೆನ್ನಾಗಿದ್ದ ಮಗು ಕಾರಣವೇ ತಿಳಿಯದ ಹಾಗೆ ನಿದ್ದೆಯಲ್ಲಿ ತೀರಿಕೊಳ್ಳುವುದನ್ನು ಡಾಕ್ಟರುಗಳು ಸಿಡ್ಸ್ ಅನ್ನುತ್ತಾರೆ. ಎರಡರಿಂದ ನಾಲ್ಕು ತಿಂಗಳ ನಡುವೆ ಇದು ಜಾಸ್ತಿ, ಆರು ತಿಂಗಳ ನಂತರ ತುಂಬಾ ಕಡಿಮೆ. ಬೋರಲು ಮಲಗಿಸುವುದಕ್ಕೂ ಇದಕ್ಕೂ ನಂಟಿದೆ ಅಂತ ಗೊತ್ತಾದ ಕಥೆಯೂ ವಿಚಿತ್ರವೇ. ಹಾಲೆಂಡಿನಲ್ಲಿ 1970ರ ದಶಕದಲ್ಲಿ ಮಕ್ಕಳನ್ನು ಬೋರಲು ಮಲಗಿಸಿ ಅಂತ ತಜ್ಞರೇ ಹೇಳುತ್ತಿದ್ದರು. ಸಾವು ಹೆಚ್ಚಿದ್ದು ಗಮನಕ್ಕೆ ಬಂದು 1987ರಲ್ಲಿ ಆ ಮಾತನ್ನು ತಿರುಗಿಸಿದರು. ಅಮೆರಿಕದಲ್ಲಿ 1992ರಲ್ಲಿ ಸಲಹೆ ಬದಲಾಯಿತು, 1994ರಲ್ಲಿ ದೇಶದ ತುಂಬ ಅದರ ಪ್ರಚಾರ ನಡೆಯಿತು. ಹತ್ತು ವರ್ಷ ಆಗುವಷ್ಟರಲ್ಲಿ ಇಂಥ ಸಾವು ಅಲ್ಲಿ ಅರ್ಧಕ್ಕೆ ಇಳಿಯಿತು. ಎಳೆಗೂಸನ್ನು ಅಂಗಾತ ಮಲಗಿಸುತ್ತಿದ್ದ ನಮ್ಮ ಅಜ್ಜಿಯರು ಈ ಒಂದು ವಿಷಯದಲ್ಲಿ ಮೊದಲಿನಿಂದ ಸರಿಯಾಗಿಯೇ ಇದ್ದರು. ದಿಂಬಿನ ವಿಷಯದಲ್ಲಿ ಮಾತ್ರ ಅಲ್ಲ. ನಿಮ್ಮ ಅತ್ತೆಯವರಿಗೆ ಹೇಳುವಾಗ ಈ ಕ್ರಮದಲ್ಲೇ ಹೇಳಿ, ಮೊದಲ ಭಾಗ ಕೇಳಿ ಅವರಿಗೆ ಖುಷಿಯಾಗುತ್ತದೆ.

ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ದಿಂಬು ಕೊಡಬೇಕು ಅಂತಲೂ ಅತ್ತೆ ಹೇಳಿದ್ದಾರೆ ಅಲ್ವಾ? ಈ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಆದರೆ ನಮ್ಮ ಗಂಟಲಿನ ರಚನೆ ನೋಡಿ. ಉಸಿರಿನ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಕ್ಕೆ ಬರುತ್ತದೆ, ಅನ್ನದ್ದು ಕೆಳಕ್ಕೆ. ಕಕ್ಕಿದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲಾದಾಗ ಇದು ತಲೆಕೆಳಗು. ಮಗ್ಗುಲಂತೂ ನಿಲ್ಲುವ ಭಂಗಿಯೇ ಅಲ್ಲ. ಸ್ವಲ್ಪ ಅಲ್ಲಾಡಿದರೂ ಮಗು ಹೊಟ್ಟೆ ಮೇಲೆ ಬೀಳುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಆಮೇಲೆ ಅಂಗಾತ ಮಲಗಿಸಿದರೆ ಸಾಕು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಬೋರಲು ಇಷ್ಟು ಅಪಾಯವಾದರೆ ಬೋರಲು ಬಿದ್ದ ಮಗುವನ್ನು ಬಿಟ್ಟು ಮಲಗುವುದು ಹೇಗೆ? ನಾವೇ ಬೋರಲು ಮಲಗಿಸಿದ ಮಗು ಬೇರೆ, ತಾನಾಗಿ ಮಗುಚಿಕೊಂಡ ಮಗು ಬೇರೆ. ತಾನಾಗಿ ಮಗುಚುವ ಮಗುವಿಗೆ ಕುತ್ತಿಗೆ, ಹೆಗಲು, ತೋಳು ಬಲಿತಿರುತ್ತವೆ, ತಲೆ ಎತ್ತಿ ಹೊರಳಿಸಲು ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೊರಡಿಸಿದ ಸಲಹೆಯೂ ಹೀಗೇ ಇದೆ. ಒಂದು ವರ್ಷ ತುಂಬುವ ತನಕ ಮಲಗಿಸುವುದು ಅಂಗಾತವೇ. ಅಂಗಾತದಿಂದ ಬೋರಲು, ಬೋರಲಿನಿಂದ ಅಂಗಾತ, ಎರಡೂ ಬಂದ ಮೇಲೆ ಮಗು ನಿದ್ದೆಯಲ್ಲಿ ಹೇಗೆ ತಿರುಗಿಕೊಂಡರೂ ಹಾಗೇ ಬಿಡಬಹುದು.

ನಿಮ್ಮ ಮಗಳಿಗೆ ಈಗ ಒಂದೇ ಕಡೆ ಬರುತ್ತದೆ. ಈ ನಡುವಿನ ದಿನಗಳೇ ಕಷ್ಟದವು. ಕೆಲವು ಮಕ್ಕಳಿಗೆ ಎರಡು ವಾರ, ಕೆಲವರಿಗೆ ಎರಡು ತಿಂಗಳು. ಈ ಹೊತ್ತಿನಲ್ಲಿ ನಾನು ಮಾಡಿದ್ದು ಇಷ್ಟೇ. ಹಾಲಿಗೆ ಎದ್ದಾಗ, ಬಚ್ಚಲಿಗೆ ಎದ್ದಾಗ ಒಂದು ಸಲ ನೋಡುತ್ತಿದ್ದೆ, ಬೋರಲಿದ್ದರೆ ತಿರುಗಿಸುತ್ತಿದ್ದೆ. ಮತ್ತೆ ಬಿದ್ದರೆ ಬಿದ್ದ. ಅಲಾರಾಂ ಇಟ್ಟು ಏಳುತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ ಮೊದಲ ವಾರ ಇಟ್ಟಿದ್ದೆ. ಅದರಿಂದ ಆದದ್ದು ಒಂದೇ, ಹಗಲು ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಾನೇ ತೂಕಡಿಸಿಬಿಟ್ಟೆ. ಸೋಫಾ ಮೇಲೆ ಮಗುವಿನ ಜೊತೆ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯದ ಜಾಗ. ಮಗು ಸಂದಿಗೆ ಜಾರುತ್ತದೆ. ನೀವು ರಾತ್ರಿ ಮಲಗಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಗಂಡ ಬಿಗಿಯಾಗಿ ಬಟ್ಟೆ ಸುತ್ತು ಅನ್ನುತ್ತಿದ್ದಾರೆ ಅಂದಿರಿ. ಮಗುಚಲು ಬಾರದ ಎಳೆಗೂಸಿಗೆ ಬಟ್ಟೆ ಸುತ್ತುವುದು ಸರಿ. ಮಗುಚಲು ಪ್ರಯತ್ನ ಶುರುವಾದ ದಿನವೇ ಅದು ಮುಗಿಯಬೇಕು, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ. ಬೋರಲು ಬಿದ್ದ ಮಗು ತಲೆ ಎತ್ತಲು ಕೈ ಊರಬೇಕು. ಕೈಗಳೇ ಒಳಗೆ ಕಟ್ಟಿದ್ದರೆ? ಸುತ್ತುವುದನ್ನು ನಿಲ್ಲಿಸಿದರೆ ಒಂದೆರಡು ರಾತ್ರಿ ಬೆಚ್ಚಿ ಬೆಚ್ಚಿ ಏಳುತ್ತಾಳೆ, ಆಮೇಲೆ ಒಗ್ಗಿಕೊಳ್ಳುತ್ತಾಳೆ. ಚಳಿಗೆ ಹೊದಿಕೆ ಬೇಕು ಅನ್ನಿಸಿದರೆ ತೋಳಿಲ್ಲದ ನಿದ್ದೆ ಚೀಲ ಸಿಗುತ್ತದೆ, ದುಡ್ಡು ಜಾಸ್ತಿ. ನಾನು ಅವ್ವನ ಹಳೆ ಕಾಟನ್ ಸೀರೆ ಕೊಟ್ಟು ನಮ್ಮ ಬೀದಿಯ ಟೈಲರ್ ಹತ್ತಿರ ಎರಡು ಹೊಲಿಸಿದೆ. ಕುತ್ತಿಗೆ ಮತ್ತು ಕಂಕುಳಿನ ಅಳತೆ ಸರಿಯಾಗಿರಲಿ, ತಲೆ ಒಳಗೆ ಜಾರುವಷ್ಟು ಸಡಿಲ ಇರಬಾರದು. ಕಾಲಿನ ಕಡೆ ಮಾತ್ರ ಅಗಲ ಬಿಡಿ. ಟೈಲರ್ ನಕ್ಕಿದ್ದರು, ಮೂಟೆ ಹೊಲಿಸುತ್ತೀರಾ ಅಂತ.

ಮಲಗುವ ಜಾಗದ ಬಗ್ಗೆ. ಡಬಲ್ ಕಾಟ್ ಮೇಲೆ, ಗೋಡೆ ಪಕ್ಕ ಅವಳು, ಈಚೆ ನೀವು ಅಂದಿರಿ. ಬೀಳಬಾರದು ಅಂತಲೇ ಗೋಡೆ ಪಕ್ಕ ಹಾಕಿರುತ್ತೀರಿ. ಆದರೆ ಹಾಸಿಗೆಗೂ ಗೋಡೆಗೂ ನಡುವೆ ಸಂದಿ ಇದ್ದೇ ಇರುತ್ತದೆ, ಮಗುಚುವ ಮಗು ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಾವು ಮಾಡಿದ್ದು ಹಳೇ ಪದ್ಧತಿ. ಕಾಟ್ ಬಿಟ್ಟು ನೆಲಕ್ಕಿಳಿದೆವು. ಗೋಡೆಯಿಂದ ದೂರ ಚಾಪೆ, ಅದರ ಮೇಲೆ ಒಂದು ಕೌದಿ ಮಡಿಸಿ ಬಿಗಿಯಾಗಿ ಹಾಸಿದ್ದು, ಮೇಲೊಂದು ತೆಳ್ಳನೆಯ ಬಟ್ಟೆ ಅಂಚು ಒಳಗೆ ಸಿಕ್ಕಿಸಿ. ಅದು ಅವನ ಹಾಸಿಗೆ. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ನಮ್ಮದು. ಅಂಗೈ ಒತ್ತಿ ತೆಗೆದರೆ ಗುಳಿ ಉಳಿಯಬಾರದು, ಅಷ್ಟು ಗಟ್ಟಿ ಇದ್ದರೆ ಸರಿ. ಮೂರು ನಾಲ್ಕು ಕೌದಿ ಒಟ್ಟಿದರೆ ಮೆತ್ತಗಾಗುತ್ತದೆ, ಬೇಡ. ಒಂದೇ ಕೋಣೆ, ಬೇರೆ ಹಾಸಿಗೆ, ಕಡಿಮೆ ಅಂದರೂ ಆರು ತಿಂಗಳು. ರಾತ್ರಿ ಹಾಲು ಕುಡಿಸುತ್ತಾ ಪಕ್ಕದಲ್ಲೇ ನಿದ್ದೆ ಬಂದುಬಿಡುತ್ತದೆ ಅನ್ನುವುದು ನನಗೂ ಗೊತ್ತು, ನಾನೇನು ಕಲ್ಲಲ್ಲ. ಹಾಗಾಗಬಹುದು ಅಂತ ಗೊತ್ತಿದ್ದೇ ನಿಮ್ಮ ಹಾಸಿಗೆಯಿಂದಲೂ ದಪ್ಪ ರಗ್ಗು, ಹೆಚ್ಚುವರಿ ದಿಂಬು ತೆಗೆದಿಟ್ಟು ಮಲಗಿ. ಎಚ್ಚರವಾದಾಗ ಅವಳ ಜಾಗಕ್ಕೆ ಸರಿಸಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡಿದ್ದರೆ ಅವರ ಪಕ್ಕ ಮಗು ಬೇಡವೇ ಬೇಡ.

ಸೀರೆ ಜೋಳಿಗೆಯಲ್ಲಿ ಹಗಲು ಮಲಗಿಸುತ್ತೀರಾ ಅಂತ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಜೋಳಿಗೆಯಲ್ಲಿ ಮಗು ಬಿಲ್ಲಿನ ಹಾಗೆ ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಮಗುಚಲು ಹೋದರೆ ಮುಖಕ್ಕೆ ಬಟ್ಟೆ, ಇಲ್ಲ ಹೊರಗೆ ಬೀಳುವುದು. ತೂಗಿ ಸಮಾಧಾನ ಮಾಡಲು ಎದುರಿಗೆ ಕೂತು ಬಳಸಿ, ನಿದ್ದೆ ಬಂದ ಮೇಲೆ ಎತ್ತಿ ಚಾಪೆಗೆ ಹಾಕಿ. ಕಾರಿನ ಸೀಟು, ಒರಗು ಕುರ್ಚಿಯಲ್ಲಿ ನಿದ್ದೆ ಹೋದರೂ ಇದೇ ಮಾತು.

ಸಾಸಿವೆ ದಿಂಬು? ತಲೆ ದುಂಡಗಾಗಲಿ ಅಂತ ಇಡುತ್ತಾರೆ. ನಿದ್ದೆಯಲ್ಲಿ ಬೇಡ, ಅದೂ ದಿಂಬೇ. ತಲೆ ಚಪ್ಪಟೆಯಾಗದಿರಲು ಎಚ್ಚರವಿದ್ದಾಗ ಹೊಟ್ಟೆ ಮೇಲೆ ಆಡಿಸಿ, ಮಲಗಿಸುವಾಗ ಒಂದು ದಿನ ತಲೆ ಈ ಕಡೆ, ಒಂದು ದಿನ ಆ ಕಡೆ ಮಾಡಿ.

ಮಲಗಿಸುವ ಮುಂಚೆ ಕುತ್ತಿಗೆಯ ಸರ, ತಾಯಿತದ ದಾರ, ಬಜೆ ಸರ ಬಿಚ್ಚಿಡಿ. ಉರುಳಾಡುವ ಮಗುವಿನ ಕುತ್ತಿಗೆಗೆ ಏನೂ ಇರಬಾರದು. ದೃಷ್ಟಿಗೆ ಬೇಕಾದರೆ ಕಪ್ಪು ಬೊಟ್ಟು ಇಡಿ, ಅದರಿಂದ ಯಾರಿಗೂ ತೊಂದರೆ ಇಲ್ಲ. ಕೊಡೆಯ ಹಾಗೆ ಮಡಚುವ ಚಿಕ್ಕ ಸೊಳ್ಳೆಪರದೆಯನ್ನು ಮಗು ಉರುಳಿ ತಳ್ಳಿಕೊಂಡು ಮುಖಕ್ಕೆ ತಂದುಕೊಳ್ಳುತ್ತದೆ. ಎತ್ತರಕ್ಕೆ ಕಟ್ಟಿದ ದೊಡ್ಡ ಪರದೆಯನ್ನು ಹಾಸಿಗೆ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಕಾಯಿಲ್ ಹೊಗೆ, ಲೋಬಾನದ ಹೊಗೆ ಮಲಗುವ ಕೋಣೆಯಲ್ಲಿ ಬೇಡ. ನಿದ್ದೆಯಲ್ಲಿ ಕುಲಾವಿಯೂ ಬೇಡ. ಮೈ ಬಿಸಿ ಹೆಚ್ಚಾದರೆ ಮಗು ಅದನ್ನು ತಲೆಯಿಂದಲೂ ಹೊರಗೆ ಬಿಡುತ್ತದೆ, ಮೇಲಾಗಿ ಕುಲಾವಿ ಕಣ್ಣು ಮೂಗಿನ ಮೇಲೆ ಜಾರುತ್ತದೆ. ಕೈಕಾಲು ತಣ್ಣಗಿದೆ ಅಂತ ಗಾಬರಿಯಾಗಬೇಡಿ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ.

ವಾಪಸ್ ಮಗುಚುವುದನ್ನು ಬೇಗ ಕಲಿಸಬೇಕಾ ಅಂತ ಕೇಳಿದ್ದೀರಿ. ಕಲಿಸುವುದೇನಿಲ್ಲ, ಜಾಗ ಕೊಟ್ಟರೆ ಸಾಕು. ಹಗಲು ಎಚ್ಚರವಿದ್ದಾಗ ಚಾಪೆ ಮೇಲೆ ಬೋರಲು ಹಾಕಿ ಎದುರಿಗೆ ನೀವೂ ಬೋರಲು ಮಲಗಿ. ಒಂದು ಚಮಚ, ಒಂದು ಬಟ್ಟಲು ಸಾಕು ಆಟಕ್ಕೆ. ಅದನ್ನು ಅವಳ ಕಣ್ಣೆದುರಿನಿಂದ ಮೆಲ್ಲಗೆ ಪಕ್ಕಕ್ಕೆ, ಮೇಲಕ್ಕೆ ಒಯ್ಯಿರಿ. ನೋಡುತ್ತಾ ತಲೆ ತಿರುಗಿಸಿ, ಹೆಗಲು ಜಾರಿ, ದೊಪ್ಪೆಂದು ಅಂಗಾತ ಬೀಳುತ್ತಾಳೆ. ಮೊದಲ ಸಲ ಅವಳಿಗೇ ಆಶ್ಚರ್ಯವಾಗುತ್ತದೆ. ದಿನಕ್ಕೆ ನಾಲ್ಕೈದು ಸಲ, ಸುಸ್ತಾಗಿ ಅಳುವ ಮುಂಚೆ ನಿಲ್ಲಿಸಿ. ನನ್ನ ಮಗನಿಗೆ ಹದಿನೆಂಟು ದಿನ ಹಿಡಿಯಿತು. ಆ ಲೆಕ್ಕ ಈಗಲೂ ನೆನಪಿದೆ, ಅವ್ವನ ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದೆ.

ನಾನು ಡಾಕ್ಟರಲ್ಲ. ನಿಮ್ಮ ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಹುಟ್ಟುವಾಗ ತೂಕ ಕಡಿಮೆ ಇದ್ದರೆ, ಮಲಗಿದಾಗ ಉಸಿರು ನಿಂತು ನಿಂತು ಬಂದ ಹಾಗೆ ಅನ್ನಿಸಿದರೆ ಇದನ್ನೆಲ್ಲ ಬಿಟ್ಟು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ತುಟಿ ನೀಲಿಯಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಹೇಗೂ ಲಸಿಕೆಗೆ ಹೋದಾಗ ಕೇಳೋಣ ಅಂತ ಮುಂದೆ ಹಾಕಬೇಡಿ. ಸರ್ಕಾರಿ ಪಟ್ಟಿಯಲ್ಲಿ 14ನೇ ವಾರದ್ದು ಮುಗಿದ ಮೇಲೆ ಮುಂದಿನದು ಬರುವುದು 9 ತಿಂಗಳಿಗೆ, ಅಷ್ಟರಲ್ಲಿ ಅವಳು ಅಂಬೆಗಾಲಿಡುತ್ತಿರುತ್ತಾಳೆ.